ಬಾಣಲೆಯ ಲೆಕ್ಕ: ನೇಂದ್ರದಿಂದ ಸೋಂಟೆಯವರೆಗೆ

ಫೆಬ್ರವರಿ: ನೇಂದ್ರ

ತೋಟದಲ್ಲಿ ಸಿಗುವುದನ್ನೆಲ್ಲ ತೆಂಗಿನೆಣ್ಣೆಯಲ್ಲಿ ಕರಿದು, ಯಾವುದು ಏಕೆ ಗರಿಗರಿಯಾಗುತ್ತದೆ, ಯಾವುದು ಏಕೆ ಕಪ್ಪಾಗುತ್ತದೆ ಎಂದು ಬರೆದಿಡುವುದು ಈ ವರ್ಷದ ಹುಚ್ಚು. ಕಾಸರಗೋಡು ಸೀಮೆಯ ಯಾವ ಪೇಟೆಯಲ್ಲಿ ಬಸ್ ಇಳಿದರೂ ಬಾಳೆಕಾಯಿ ಚಿಪ್ಸ್ ಸಿಗುತ್ತದೆ, ಚೆನ್ನಾಗಿಯೂ ಇರುತ್ತದೆ. ಆದರೆ ಬಾಣಲೆಯಿಂದ ತೆಗೆದು ಐದು ನಿಮಿಷವಷ್ಟೇ ಆದ ಚಿಪ್ಸ್‌ನ ರುಚಿ ಯಾವ ಪೊಟ್ಟಣಕ್ಕೂ ಬರುವುದಿಲ್ಲ.

ಮೊದಲ ಸರದಿ ನೇಂದ್ರ ಬಾಳೆಕಾಯಿಯದ್ದು. ಸಿಪ್ಪೆ ಸುಲಿದು ಅರಸಿನ ನೀರಿನಲ್ಲಿ ಮುಳುಗಿಸಿಟ್ಟರೆ ಮೇಣ ಬಿಡುತ್ತದೆ. ಆಮೇಲೆ ಒರೆಸಿ, ಹೆರೆಮಣೆಯನ್ನು ಬಾಣಲೆಯ ಮೇಲೆಯೇ ಹಿಡಿದು ನೇರ ಎಣ್ಣೆಗೆ ಹೆರೆಯುವುದು. ತಟ್ಟೆಯಲ್ಲಿ ರಾಶಿ ಹಾಕಿಕೊಂಡರೆ ಬಿಲ್ಲೆಗಳು ಒಂದಕ್ಕೊಂದು ಅಂಟಿಕೊಂಡು, ಅಂಟಿದ ಕಡೆ ಮೆತ್ತಗೆ ಉಳಿಯುತ್ತವೆ.

ಅಡುಗೆಯ ಥರ್ಮಾಮೀಟರ್ ಒಂದನ್ನು ತರಿಸಿಕೊಂಡಿದ್ದೇನೆ. ಮನೆಯವರು ಇದಕ್ಕೆ ಜ್ವರ ನೋಡುವ ಕಡ್ಡಿ ಎಂದು ಹೆಸರಿಟ್ಟಿದ್ದಾರೆ. ಎಣ್ಣೆ 170 ಡಿಗ್ರಿ ತೋರಿಸುವಾಗ ಬಿಲ್ಲೆಗಳು ಬಿದ್ದರೆ ಬಿಸಿ ಒಮ್ಮೆಲೇ 145ರ ಆಸುಪಾಸಿಗೆ ಇಳಿಯುತ್ತದೆ. ಬಾಳೆಕಾಯಿಯ ನೀರನ್ನು ಆವಿ ಮಾಡುವುದಕ್ಕೇ ಅಷ್ಟು ಬಿಸಿ ಖರ್ಚಾಗುತ್ತದೆ. ಒಳಗೆ ನೀರಿರುವಷ್ಟು ಹೊತ್ತು ಬಿಲ್ಲೆಯ ಹೊಟ್ಟೆ 100 ಡಿಗ್ರಿಯ ಹತ್ತಿರವೇ ಇರುತ್ತದೆ. ಎಣ್ಣೆಯ ನಡುವೆಯೇ ಇದ್ದರೂ ಅದು ಬೇಯುತ್ತದೆಯೇ ಹೊರತು ಹುರಿಯುವುದಿಲ್ಲ. ನೀರು ಮುಗಿದ ಮೇಲಷ್ಟೇ ಬಿಸಿ ಮೇಲೇರಿ ಬಣ್ಣ ಬರುತ್ತದೆ. ನೀರು ಹೋಗಿ ಮುಗಿಯಬೇಕು, ಬಣ್ಣ ಅತಿಯಾಗಬಾರದು. ಚಿಪ್ಸ್ ಕಸುಬೆಲ್ಲ ಈ ಎರಡರ ನಡುವಿನ ಸಣ್ಣ ಸಂದಿನಲ್ಲಿದೆ.

ಆ ಸಂದನ್ನು ಹಿಡಿಯಲು ಥರ್ಮಾಮೀಟರಿಗಿಂತ ಕಿವಿ ಮೇಲು. ಮೊದಲಿಗೆ ಎಣ್ಣೆ ಚೊರ್ ಎಂದು ಅಬ್ಬರಿಸುತ್ತದೆ. ಆವಿ ಕಡಿಮೆಯಾದಂತೆ ಗುಳ್ಳೆ ಸಣ್ಣದಾಗಿ, ಗದ್ದಲ ಇಳಿದು, ಕಣ್ಣುಸೌಟಿನಿಂದ ಮಗುಚಿದಾಗ ಗೆರಟೆಯ ಚೂರುಗಳು ತಾಗಿದಂತೆ ಗಲಗಲ ಕೇಳುತ್ತದೆ. ಆಗ ಒಂದು ಚಮಚ ಉಪ್ಪುನೀರು. ನೋಡುವವರಿಗೆ ಎದೆ ಝಲ್ಲೆನ್ನುತ್ತದೆ. ಆದರೆ ಬಾಣಲೆಯಲ್ಲಿ ಎಣ್ಣೆ ಅರ್ಧಕ್ಕಿಂತ ಕೆಳಗಿದ್ದು, ನೀರು ಚಮಚದಷ್ಟೇ ಇದ್ದರೆ ಅದು ಬುಸುಗುಟ್ಟಿ ಹಾರಿಹೋಗಿ ಉಪ್ಪು ಚಿಪ್ಸ್‌ಗೆ ಸಮನಾಗಿ ಹತ್ತುತ್ತದೆ. ಪುಡಿ ಉಪ್ಪು ಉದುರಿಸಿದರೆ ಅರ್ಧ ಡಬ್ಬಿಯ ತಳದಲ್ಲೇ ಉಳಿಯುತ್ತದೆ.

ಮಾರ್ಚ್: ಎಣ್ಣೆಯ ವಿಚಾರ

ಗಾಣದ ತೆಂಗಿನೆಣ್ಣೆಯ ಬೆಲೆ ನೋಡಿದ ನೆಂಟರೊಬ್ಬರು ಅರ್ಧಕ್ಕೆ ಸೂರ್ಯಕಾಂತಿ ಎಣ್ಣೆ ಬೆರೆಸಲು ಸಲಹೆ ಕೊಟ್ಟರು. ಈ ಮಿತವ್ಯಯ ಬಾಣಲೆಗೆ ಒಗ್ಗುವುದಿಲ್ಲ. ತೆಂಗಿನೆಣ್ಣೆಯನ್ನು ಬೇರೆ ಎಣ್ಣೆಯೊಂದಿಗೆ ಬೆರೆಸಿ ಕರಿದರೆ ನೊರೆ ಏಳುತ್ತದೆ. ಉಕ್ಕಿ ಒಲೆಗೆ ಇಳಿದರೆ ಬೆಂಕಿಯ ಭಯ. ಯಾವುದಾದರೂ ಒಂದನ್ನೇ ಬಳಸಬೇಕು.

ತೆಂಗಿನೆಣ್ಣೆಯ ಸುಮಾರು 90 ಶೇಕಡಾ ಕೊಬ್ಬು ಪರ್ಯಾಪ್ತ (ಸ್ಯಾಚುರೇಟೆಡ್). ಹೃದಯದ ವೈದ್ಯರಿಗೆ ಅದು ಇಷ್ಟವಿಲ್ಲ, ಬಾಣಲೆಗೆ ಬಹಳ ಇಷ್ಟ: ಗಾಳಿ ಮತ್ತು ಬಿಸಿಗೆ ಅದು ಬೇಗ ಕೆಡುವುದಿಲ್ಲ. ಅದರ ಶತ್ರು ನೀರು. ಮತ್ತೆ ಮತ್ತೆ ಒದ್ದೆ ಕಾಯಿ ಕರಿದ ಎಣ್ಣೆಯಲ್ಲಿ ಅದರದೇ ಕೊಬ್ಬಿನ ಲಾರಿಕ್ ಆಮ್ಲ ಬಿಡುಗಡೆಯಾಗಿ ಸಾಬೂನಿನ ರುಚಿ ಬರುತ್ತದೆ. ಸಾಬೂನಿಗೂ ಇದೇ ಎಣ್ಣೆ ಹೋಗುತ್ತದೆ ಎಂಬುದು ನೆನಪಾದರೆ ಆಶ್ಚರ್ಯವೇನಿಲ್ಲ. ಹೋಟೆಲುಗಳಲ್ಲಿ ಕರಿದ ಎಣ್ಣೆಯ ಒಟ್ಟು ಧ್ರುವೀಯ ಅಂಶ, ಅಂದರೆ ಕಾದು ಕಾದು ಕೆಟ್ಟ ಪಾಲು, 25 ಶೇಕಡಾ ಮೀರಬಾರದು ಎಂಬ ನಿಯಮ 2018ರ ಜುಲೈಯಿಂದ ದೇಶದಲ್ಲಿದೆ. ನನ್ನ ನಿಯಮ ಇನ್ನೂ ಸರಳ: ಸಾಬೂನಿನ ಸುಳಿವು ಬಂದ ದಿನ ಎಣ್ಣೆ ದೀಪಕ್ಕೆ.

ಏಪ್ರಿಲ್: ಹಲಸು, ಅಂದರೆ ಅಸಲು ಕೆಲಸ

ಈ ಕಡೆಯ ಹವ್ಯಕರ ಮನೆಗಳಲ್ಲಿ ಸೋಂಟೆ ಎಂದರೆ ಹಲಸಿನಕಾಯಿಯ ಚಿಪ್ಸ್. 2018ರಲ್ಲಿ ಕೇರಳ ಸರಕಾರ ಹಲಸನ್ನು ರಾಜ್ಯದ ಹಣ್ಣೆಂದು ಘೋಷಿಸಿದ್ದು ಒಳ್ಳೆಯದೇ. ಆದರೆ ಸೋಂಟೆಯ ಮಟ್ಟಿಗೆ ಹಣ್ಣಾದರೆ ಕೆಟ್ಟಿತು. ಹಣ್ಣಾಗುತ್ತ ಹೋದಂತೆ ಪಿಷ್ಟ ಸಕ್ಕರೆಯಾಗುತ್ತದೆ. ಸಕ್ಕರೆ ಇದ್ದಲ್ಲಿ ಬಣ್ಣ ಅವಸರಪಡುತ್ತದೆ, ನೀರು ಹೋಗುವ ಮೊದಲೇ ಅಂಚು ಕೆಂಪಾಗುತ್ತದೆ. ತೀರ ಎಳೆಯದಾದರೆ ಸೊಳೆಗೆ ಮೈಯೇ ಇಲ್ಲ, ಕರಿದರೆ ಕಾಗದದ ಹಾಗೆ ಸಪ್ಪೆ. ಬೇಕಾದದ್ದು ಬಲಿತ ಕಾಯಿ: ಮುಳ್ಳು ಅಗಲವಾಗಿ ಬಿಡಿಸಿಕೊಂಡಿರಬೇಕು, ಬೇಳೆಗೆ (ಬೀಜಕ್ಕೆ) ಕಂದು ಸಿಪ್ಪೆ ಬಂದಿರಬೇಕು, ಸೊಳೆ ಬಿಳುಪು ಬಿಟ್ಟು ತೆಳು ಹಳದಿಗೆ ತಿರುಗಿರಬೇಕು.

ಅದಕ್ಕಿಂತ ಮುಖ್ಯ ಮರ. ಮೆತ್ತನೆ ಸೊಳೆಯ ತುಳುವ ಹಲಸು ದೋಸೆಗೆ, ಎಲೆಯಲ್ಲಿ ಬೇಯಿಸುವ ಗಟ್ಟಿ ಎಂಬ ತಿಂಡಿಗೆ ಚಿನ್ನ. ಸೋಂಟೆಗೆ ಗಟ್ಟಿ ಸೊಳೆಯ ಬಕ್ಕೆಯೇ ಬೇಕು. ಬಕ್ಕೆಯಲ್ಲೂ ಎಲ್ಲ ಮರ ಒಂದೇ ಅಲ್ಲ. ದನದ ಕೊಟ್ಟಿಗೆಯ ಹಿಂದಿನದು ಸಿಹಿಗೆ ಹೆಸರುವಾಸಿ, ಸೋಂಟೆಗೆ ಎರಡನೆಯ ದರ್ಜೆ. ಬಾವಿಯ ಬಳಿಯ, ಯಾರೂ ಹಣ್ಣು ತಿನ್ನದ ಸಪ್ಪೆ ಮರ ಬಾಣಲೆಯಲ್ಲಿ ಗೆದ್ದಿದೆ. ಮಂಗಗಳೂ ಬಿಟ್ಟುಹೋಗುವ ಕಾಯಿ ಅದು. ಒಂದೇ ದಿನ, ಒಂದೇ ಎಣ್ಣೆಯಲ್ಲಿ ಎರಡನ್ನೂ ಕರಿದು ಪಕ್ಕದಲ್ಲಿ ಇಟ್ಟು ನೋಡಿದೆವು: ಸಿಹಿ ಮರದ್ದು ಕಂದು ಚುಕ್ಕಿ ಬಿದ್ದು ನಡುವೆ ಬಾಗುತ್ತಿತ್ತು, ಸಪ್ಪೆ ಮರದ್ದು ಬಂಗಾರದ ಬಣ್ಣದಲ್ಲಿ ಚಟ್ ಎಂದು ಮುರಿಯಿತು.

ಕೈಗೆ, ಮೆಟ್ಟುಕತ್ತಿಗೆ ಎಣ್ಣೆ ಸವರಿ ಕೂರುವುದು, ಮೇಣ ಒರೆಸುವುದು, ಸೊಳೆ ಬಿಡಿಸುವುದು, ಉದ್ದಕ್ಕೆ ಒಂದೇ ದಪ್ಪದಲ್ಲಿ ಸೀಳುವುದು. ಚಾವಡಿಯಲ್ಲಿ ನಾಲ್ಕು ಜನ ಕೂತು ಊರ ಸುದ್ದಿಯೆಲ್ಲ ಮುಗಿಸಿದರೂ ಬುಟ್ಟಿ ಅರ್ಧ ತುಂಬಿರುತ್ತದೆ. ಒಬ್ಬರೇ ಮಾಡುವ ಕೆಲಸ ಇದಲ್ಲ, ಮಾಡಲೂಬಾರದು. ಸೀಳು ಒಂದೇ ದಪ್ಪವಿರಬೇಕೆಂದು ದೊಡ್ಡಮ್ಮ ಗದರಿಸುವುದಕ್ಕೆ ಕಾರಣವಿದೆ: ತೆಳ್ಳನೆಯದು ಸುಡುವಾಗ ದಪ್ಪನೆಯದರಲ್ಲಿ ಇನ್ನೂ ನೀರಿರುತ್ತದೆ.

ಹಲಸಿನಲ್ಲಿ ನೇಂದ್ರಕ್ಕಿಂತ ನೀರು ಹೆಚ್ಚು. ಹಾಗಾಗಿ ಒಮ್ಮೆಗೆ ಹಾಕುವುದು ಕಡಿಮೆ, ಕಾಯುವುದು ಜಾಸ್ತಿ. ತೆಗೆದ ಕೂಡಲೇ ಜಾಲರಿಯಲ್ಲಿ ಕುಲುಕಿ ಎಣ್ಣೆ ಇಳಿಸಬೇಕು. ಚಿಪ್ಸ್ ಎಣ್ಣೆಯನ್ನು ಕುಡಿಯುವುದು ಬಾಣಲೆಯಲ್ಲಿರುವಾಗ ಕಡಿಮೆ, ಹೊರಬಂದು ತಣಿಯುವಾಗಲೇ ಹೆಚ್ಚು: ಒಳಗಿನ ಆವಿ ತಣಿದು ಕುಗ್ಗಿದಾಗ ಮೈಮೇಲಿನ ಎಣ್ಣೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಆ ಒಂದು ನಿಮಿಷದ ಕುಲುಕಾಟಕ್ಕೆ ಸೋಮಾರಿತನ ಮಾಡಿದ ಸೋಂಟೆ ಬೆರಳಿಗೆ ಜಿಡ್ಡು ಮೆತ್ತುತ್ತದೆ.

ಮೇ: ಬಟಾಟೆ, ಬೇಗನೆ

ಮಕ್ಕಳ ಒತ್ತಾಯಕ್ಕೆ. ಫ್ರಿಜ್‌ನಲ್ಲಿಟ್ಟ ಬಟಾಟೆ ಬೇಡವೇ ಬೇಡ. ಚಳಿಗೆ ಅದರ ಪಿಷ್ಟ ಸಕ್ಕರೆಯಾಗಿ ಚಿಪ್ಸ್ ಕಪ್ಪಾಗುತ್ತದೆ, ಕಹಿಯಾಗುತ್ತದೆ. ಅದೇ ಸಕ್ಕರೆ ಬಟಾಟೆಯಲ್ಲೇ ಇರುವ ಆಸ್ಪರಾಜಿನ್ ಎಂಬ ಅಮೈನೊ ಆಮ್ಲದೊಂದಿಗೆ ಬಿಸಿಯಲ್ಲಿ ಸೇರಿದರೆ, ಕ್ಯಾನ್ಸರ್ ತರಬಹುದೆಂಬ ಶಂಕೆಯಿರುವ ಆಕ್ರಿಲಮೈಡ್ ಹುಟ್ಟುತ್ತದೆ. 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಕರಿದ, ಹುರಿದ ತಿಂಡಿಗಳಲ್ಲಿ ಇದನ್ನು ಕಂಡು ಲೋಕಕ್ಕೆಲ್ಲ ಗಾಬರಿ ಹುಟ್ಟಿಸಿದ್ದರು. ತೆಳು ಹಳದಿಯಲ್ಲಿ ನಿಲ್ಲಿಸುವುದು ರುಚಿಗೂ ಒಳ್ಳೆಯದು, ಮೈಗೂ ಒಳ್ಳೆಯದು. ಹೆರೆದು, ತಣ್ಣೀರಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ ಕರಿದೆ. ಚೆನ್ನಾಗಿತ್ತು. ಸೋಂಟೆ ತಿಂದ ನಾಲಗೆಗೆ ಮಾತ್ರ ಇದು ಬರೀ ಉಪ್ಪು.

ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ತೆಂಗಿನಕಾಯಿಯಿಂದ ಮಾಡುವ ಚಿಪ್ಸ್‌ಗೆ ಎಣ್ಣೆಯೇ ಬೇಡ. ಸಕ್ಕರೆ ಪಾಕದಲ್ಲಿ ನೆನೆಸಿ ಬಿಸಿಗಾಳಿಯಲ್ಲಿ ಒಣಗಿಸುತ್ತಾರೆ. ಒಳ್ಳೆಯ ತಿಂಡಿ. ಎಣ್ಣೆಯ ಸದ್ದೇ ಇಲ್ಲದ್ದನ್ನು ಈ ಲೆಕ್ಕಕ್ಕೆ ಸೇರಿಸಲು ಮಾತ್ರ ನನಗೆ ಮನಸ್ಸಿಲ್ಲ.

ಜೂನ್: ಜೀಗುಜ್ಜೆ, ಮತ್ತು ಮಳೆ

ಜೀಗುಜ್ಜೆ (ಬ್ರೆಡ್‌ಫ್ರೂಟ್) ಹೆಚ್ಚಿದ ಕೂಡಲೇ ಕಪ್ಪಾಗುವುದರಿಂದ ಹೋಳು ನೀರಿಗೆ ಬೀಳಬೇಕು, ನೀರಿಗೆ ಬಿದ್ದದ್ದನ್ನು ಚೆನ್ನಾಗಿ ಒರೆಸಬೇಕು. ಬಾಣಲೆಯಲ್ಲಿ ತಕರಾರಿಲ್ಲದ ಕಾಯಿ, ನೇಂದ್ರಕ್ಕಿಂತ ಹಗುರ, ಮೆಣಸಿನಪುಡಿಗೆ ಚೆನ್ನಾಗಿ ಹೊಂದುತ್ತದೆ. ತಕರಾರು ಹೊರಗಿನದು. ಕಷ್ಟಪಟ್ಟು ಓಡಿಸಿದ ನೀರು ಮಳೆಗಾಲದ ಗಾಳಿಯಿಂದ ಮರಳಿ ಬರುತ್ತದೆ. ತಟ್ಟೆಯಲ್ಲಿ ಬಿಟ್ಟ ಚಿಪ್ಸ್ ಸಂಜೆಯೊಳಗೆ ಮೆತ್ತಗೆ. ಪೂರ್ತಿ ತಣಿಸಿ, ಬಿಗಿ ಮುಚ್ಚಳದ ಸಣ್ಣ ಡಬ್ಬಿಗಳಲ್ಲಿ ತುಂಬಿದ್ದೇನೆ. ದೊಡ್ಡ ಡಬ್ಬಿಯಾದರೆ ದಿನಕ್ಕೆ ಹತ್ತು ಸಲ ಮುಚ್ಚಳ ತೆಗೆಯುವವರು ಮನೆಯಲ್ಲಿದ್ದಾರೆ.

ಕೆಸುವಿನ ಗೆಡ್ಡೆ ಬಾಕಿ. ಅದರ ತುರಿಕೆ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಗಳದ್ದು, ಹುಣಸೆ ನೀರಿನಲ್ಲಿ ಕುದಿಸಿ ಒಣಗಿಸಿದ ಮೇಲೆ ಕರಿಯುವ ಆಲೋಚನೆ ಇದೆ. ಗೆಡ್ಡೆಯನ್ನು ಕೊಡುವುದಾಗಿ ಪಕ್ಕದ ಮನೆಯವರು ಒಪ್ಪಿದ್ದಾರೆ, ಮೊದಲ ತುತ್ತು ನಾನೇ ತಿನ್ನಬೇಕೆಂಬ ಷರತ್ತಿನ ಮೇಲೆ.