ಟೆಂಪ್ಲೇಟ್ ಕೊಳ್ಳುವ ಮೊದಲು ಕ್ಲೈಂಟ್ ಹತ್ತಿರ ಫೋಟೊ ಕೇಳಿ

"ದುಡ್ಡು ಕೊಟ್ಟು ತಂದ ಟೆಂಪ್ಲೇಟ್ ಹಾಕಿ, ಅದಕ್ಕೆ ಡಿಸೈನ್ ಚಾರ್ಜ್ ಅಂತ ಬಿಲ್ ಮಾಡೋದು ಮೋಸ ಅಲ್ವಾ ಸರ್?" ಟೆಂಪ್ಲೇಟ್ ಅಂದರೆ ಬೇರೆಯವರು ಮೊದಲೇ ಮಾಡಿಟ್ಟ ಸಿದ್ಧ ಡಿಸೈನ್. ವೆಬ್‌ಸೈಟ್ ಮಾಡುವ ಈ ಫೀಲ್ಡಿಗೆ ಹೊಸದಾಗಿ ಬರುವ ಹುಡುಗರು ಒಂದಲ್ಲ ಒಂದು ದಿನ ಇದನ್ನು ಕೇಳಿಯೇ ಕೇಳುತ್ತಾರೆ. ಹೇಳಿ ಹಾಕಿದರೆ ಮೋಸ ಅಲ್ಲ. ಎಲ್ಲಾ ನಾನೇ ಕೂತು ಬರೆದೆ ಅಂತ ಹೇಳಿಕೊಂಡರೆ ಮೋಸ. ನನ್ನ ಉತ್ತರ ಇಷ್ಟೇ.

ನಾನು ಹಾಸನದಲ್ಲಿ ಕೂತು ಕೆಲಸ ಮಾಡುವವನು. ಹೋಮ್‌ಸ್ಟೇ, ಕ್ಲಿನಿಕ್, ಪಿಯು ಕಾಲೇಜು, ಕಾಫಿಪುಡಿ ಅಂಗಡಿ, ಇಂಥವರೇ ನನ್ನ ಕ್ಲೈಂಟುಗಳು. ಇಪ್ಪತ್ತೈದು, ಮೂವತ್ತು ಸಾವಿರ ಕೊಟ್ಟರೆ ಅದೇ ಜಾಸ್ತಿ. ಅಷ್ಟರಲ್ಲಿ ಪ್ರತಿ ಪೇಜನ್ನೂ ಹೊಸದಾಗಿ ಡಿಸೈನ್ ಮಾಡಿ ಕೋಡ್ ಬರೆಯುತ್ತೇನೆ ಅಂದರೆ ಮನೆ ನಡೆಯುವುದಿಲ್ಲ. ಟೆಂಪ್ಲೇಟ್ ಮಾರುವ ತೀಮ್‌ಫಾರೆಸ್ಟ್‌ನಂಥ ಸೈಟಿನಲ್ಲಿ 60 ಡಾಲರ್ ಆಸುಪಾಸಿಗೆ ಒಳ್ಳೆಯ ವರ್ಡ್‌ಪ್ರೆಸ್ ತೀಮ್ ಸಿಗುತ್ತದೆ. ವರ್ಡ್‌ಪ್ರೆಸ್ ಅಂದರೆ ಸೈಟ್ ನಡೆಸುವ ಸಾಫ್ಟ್‌ವೇರ್, ಅದರ ಟೆಂಪ್ಲೇಟಿಗೇ ತೀಮ್ ಅನ್ನುತ್ತಾರೆ. 2008ರಿಂದ ನಡೆಯುತ್ತಿರುವ ಸಂತೆ ಅದು, ಆಯ್ಕೆಗೆ ಬರ ಇಲ್ಲ. ಕಷ್ಟ ಇರುವುದೇ ಆಯ್ಕೆಯಲ್ಲಿ.

ಟೆಂಪ್ಲೇಟ್ ಮಾರುವವರು ತೋರಿಸುವ ಮಾದರಿ ಸೈಟನ್ನು, ಅಂದರೆ ಡೆಮೊವನ್ನು, ಕ್ಲೈಂಟ್ ನೋಡುತ್ತಾರೆ. "ಇದೇ ಬೇಕು" ಅನ್ನುತ್ತಾರೆ. ಅವರಿಗೆ ಇಷ್ಟವಾಗಿದ್ದು ಟೆಂಪ್ಲೇಟ್ ಅಲ್ಲ, ಅದರೊಳಗಿನ ಫೋಟೊಗಳು ಅನ್ನುವುದು ಅವರಿಗೂ ಗೊತ್ತಿರುವುದಿಲ್ಲ, ಎಷ್ಟೋ ಸಲ ಡಿಸೈನರ್‌ಗೂ ಗೊತ್ತಿರುವುದಿಲ್ಲ. ಸಕಲೇಶಪುರದ ಕಡೆಯ ಒಂದು ಹೋಮ್‌ಸ್ಟೇಯವರು ಹೀಗೆಯೇ ಒಂದು ಡೆಮೊ ಹಿಡಿದುಕೊಂಡು ಬಂದರು. ಸ್ಕ್ರೀನ್ ತುಂಬ ಒಂದೇ ಅಡ್ಡ ಫೋಟೊ, ಮೇಲೆ ಎರಡೇ ಎರಡು ಪದ. ನೋಡಲು ಚೆಂದವೇ. "ನಿಮ್ಮ ಫೋಟೊ ಕಳಿಸಿ, ಆಮೇಲೆ ಕೊಳ್ಳೋಣ" ಅಂದೆ. ವಾಟ್ಸಾಪ್‌ನಲ್ಲಿ ಬಂದವು. ಎಲ್ಲವೂ ಮೊಬೈಲ್ ನೆಟ್ಟಗೆ ಹಿಡಿದು ತೆಗೆದಿದ್ದು. ಕೆಲವಕ್ಕೆ ಮೂಲೆಯಲ್ಲಿ ಹಳದಿ ಬಣ್ಣದ ತಾರೀಕು. ವಾಟ್ಸಾಪ್ ಒತ್ತಿ ಒತ್ತಿ ಸಣ್ಣ ಮಾಡಿದ ಆ ಫೋಟೊಗಳನ್ನು ದೊಡ್ಡ ಮಾನಿಟರ್‌ಗೆ ಹಿಗ್ಗಿಸಿದರೆ ಕಾಫಿ ತೋಟ ಹಸಿರು ಕಂಬಳಿ ಥರ ಕಂಡಿತು. ಅದನ್ನೇ ಡೆಮೊ ಜಾಗದಲ್ಲಿ ಕೂರಿಸಿ ಸ್ಕ್ರೀನ್‌ಶಾಟ್ ಕಳಿಸಿದೆ. ಅವರಿಗೇ ಅರ್ಥ ಆಯಿತು. ಕೊನೆಗೆ ಚಿಕ್ಕ ಚಿಕ್ಕ ಚೌಕದಲ್ಲಿ ಫೋಟೊ ತೋರಿಸುವ ಬೇರೆ ತೀಮ್ ತಗೊಂಡೆವು. ಡೆಮೊದಲ್ಲಿ ಅದು ಸಪ್ಪೆ. ಇವರ ಫೋಟೊ ಹಾಕಿದ ಮೇಲೆ ಚೆನ್ನಾಗಿ ಕೂತಿತು.

ಈಗ ನನ್ನಲ್ಲಿ ಒಂದೇ ಪದ್ಧತಿ. ಫೋಟೊ, ಬರಹ, ರೇಟ್ ಪಟ್ಟಿ ಕೈಗೆ ಬರದೆ ಟೆಂಪ್ಲೇಟ್ ಕೊಳ್ಳುವ ಮಾತೇ ಇಲ್ಲ.

ಕನ್ನಡದ ಸೈಟ್ ಆದರೆ ಇನ್ನೊಂದು ಪರೀಕ್ಷೆ ಇದೆ. ಈ ತೀಮ್ ಮಾಡುವವರು ಇಂಗ್ಲಿಷ್ ಅಕ್ಷರ ಮಾತ್ರ ತಲೆಯಲ್ಲಿಟ್ಟುಕೊಂಡು ಮಾಡಿರುತ್ತಾರೆ. ಹೆಡಿಂಗಿನ ಅಕ್ಷರಗಳು ಒಂದೊಂದಾಗಿ ಹಾರಿ ಬಂದು ಕೂರುವ ಅನಿಮೇಷನ್ ನೋಡಿರುತ್ತೀರಿ. ಅದರಲ್ಲಿ "ಸ್ವಾಗತ" ಅಂತ ಹಾಕಿ ನೋಡಿ. ನಮ್ಮ ಕಣ್ಣಿಗೆ ಮೂರೇ ಅಕ್ಷರ. ಕಂಪ್ಯೂಟರ್ ಒಳಗೆ ಆರು ತುಂಡು: ಸ, ಅದರ ಹಲಂತದ ಗುರುತು, ವ, ದೀರ್ಘದ ಗುರುತು, ಗ, ತ. ಅನಿಮೇಷನ್ನಿನ ಕೋಡ್ ಆರನ್ನೂ ಬೇರೆ ಬೇರೆ ಡಬ್ಬದೊಳಗೆ ಹಾಕುತ್ತದೆ. ಒತ್ತು ಮಾಯ, ದೀರ್ಘ ಒಂದು ಕಡೆ ಅನಾಥ, ನಡುವೆ ಚುಕ್ಕಿ ಚುಕ್ಕಿಯ ವೃತ್ತ. ಅಕ್ಷರದ ಬದಲು ಪದ ಪದವಾಗಿ ಬರುವಂತೆ ಬದಲಾಯಿಸಿದರೆ ಸರಿಹೋಗುತ್ತದೆ. ನಾನಂತೂ ಅನಿಮೇಷನ್ನೇ ತೆಗೆದುಬಿಡುತ್ತೇನೆ. ಹೋಮ್‌ಸ್ಟೇ ರೂಮ್ ಬಾಡಿಗೆ ನೋಡಲು ಬಂದವರಿಗೆ ಹಾರುವ ಅಕ್ಷರ ಯಾಕೆ?

ಫಾಂಟ್ ಕಥೆಯೂ ಅಷ್ಟೇ. ಪಾಪಿನ್ಸ್‌ನಲ್ಲಿ ದೇವನಾಗರಿ ಇದೆ, ಕನ್ನಡ ಇಲ್ಲ. ಮಾಂಟ್ಸೆರಾಟ್‌ನಲ್ಲೂ ಕನ್ನಡ ಇಲ್ಲ. ಫಾಂಟ್‌ನಲ್ಲಿ ಇಲ್ಲದಿದ್ದರೆ ಬ್ರೌಸರ್ ತನಗೆ ಸಿಕ್ಕಿದ್ದನ್ನು ಹಾಕಿಕೊಳ್ಳುತ್ತದೆ. ವಿಂಡೋಸ್‌ನಲ್ಲಿ ನಿರ್ಮಲಾ, ಆಂಡ್ರಾಯ್ಡ್‌ನಲ್ಲಿ ನೋಟೊ. ಒಂದೇ ಸೈಟ್ ಒಂದೊಂದು ಕಡೆ ಒಂದೊಂದು ಥರ. ಅದಕ್ಕೇ ಅನೇಕ್ ಕನ್ನಡ, ನೋಟೊ ಸ್ಯಾನ್ಸ್ ಕನ್ನಡ, ಬಾಲೂ ತಮ್ಮ, ಇವುಗಳಲ್ಲಿ ಒಂದನ್ನು ನಾವೇ ಸೇರಿಸಬೇಕು. ಆಮೇಲೆ ಸಾಲುಗಳ ಅಂತರ. ಇಂಗ್ಲಿಷ್ ಹೆಡಿಂಗಿಗೆ ಅಕ್ಷರದ ಗಾತ್ರದ 1.1 ಪಟ್ಟು ಇಟ್ಟಿರುತ್ತಾರೆ. ನಮ್ಮ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ತಾಗುತ್ತದೆ. ಡಬ್ಬದ ಹೊರಗೆ ಹೋದದ್ದನ್ನು ಕತ್ತರಿಸುವ ಹಾಗೆ ಕೋಡ್ ಇದ್ದರೆ ಒತ್ತು ಅರ್ಧಕ್ಕೇ ತುಂಡಾಗುತ್ತದೆ. ನಾನು 1.5ರಿಂದ ಶುರು ಮಾಡುತ್ತೇನೆ. ಕ್ಲೈಂಟ್ ಕಳಿಸುವ ಬರಹ 'ನುಡಿ', 'ಬರಹ' ಅನ್ನುವ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೆಯ ಫಾಂಟಿನಲ್ಲಿ ಟೈಪ್ ಆಗಿದ್ದರೆ ಅದನ್ನು ಯೂನಿಕೋಡ್‌ಗೆ, ಅಂದರೆ ಎಲ್ಲಾ ಕಂಪ್ಯೂಟರ್‌ಗೂ ಅರ್ಥವಾಗುವ ಅಕ್ಷರ ಸಂಕೇತಕ್ಕೆ, ತಿರುಗಿಸುವ ಕೆಲಸ ಬೇರೆ. ತಿರುಗಿಸಿದ ಮೇಲೆ ಸುಮ್ನೆ ಪೇಸ್ಟ್ ಮಾಡಬೇಡಿ, ಒಂದು ಸಲ ಓದಿ. ಅರ್ಕಾವತ್ತು ಎಲ್ಲಿಗೋ ಎಗರಿ ಹೋಗಿರುತ್ತದೆ. ಈ ಕೆಲಸಕ್ಕೆಲ್ಲ ಕೊಟೇಶನ್‌ನಲ್ಲಿ ಬೇರೆ ಸಾಲು ಬರೆಯುತ್ತೇನೆ. ಕನ್ನಡ ಅಂದಕೂಡಲೇ ಫ್ರೀ ಅಂತ ಯಾರು ಹೇಳಿದರು?

ಇನ್ನು ಲೈಸೆನ್ಸ್. ಇದನ್ನು ಓದುವವರೇ ಕಡಿಮೆ. ತೀಮ್‌ಫಾರೆಸ್ಟ್‌ನ ರೆಗ್ಯುಲರ್ ಲೈಸೆನ್ಸ್ ಅಂದರೆ ಒಂದು ಸೈಟ್. ಕ್ಲೈಂಟಿಗೆ ಅಂತ ಮಾಡಿ ಅವರಿಗೆ ವಹಿಸಬಹುದು, ಎಷ್ಟು ಬೇಕಾದರೂ ಚಾರ್ಜ್ ಮಾಡಬಹುದು, ಜೊತೆಗೆ ಲೈಸೆನ್ಸೂ ಅವರದಾಗುತ್ತದೆ. ಒಂದನ್ನೇ ಹತ್ತು ಕ್ಲೈಂಟಿಗೆ ಹಾಕುವ ಹಾಗಿಲ್ಲ. ಸೈಟ್ ನೋಡಲಿಕ್ಕೇ ಜನ ದುಡ್ಡು ಕೊಡಬೇಕು ಅನ್ನುವಂಥದ್ದಾದರೆ ಎಕ್ಸ್‌ಟೆಂಡೆಡ್ ಲೈಸೆನ್ಸ್ ಬೇಕು. ಕಾಫಿಪುಡಿ ಮಾರುವ ಆನ್‌ಲೈನ್ ಅಂಗಡಿಗೆ ಅದು ಬೇಡ, ಅಲ್ಲಿ ಜನ ದುಡ್ಡು ಕೊಡುವುದು ಪುಡಿಗೆ. ಇದನ್ನು ತಪ್ಪು ತಿಳಿದು ಸುಮ್ಮನೆ ಜಾಸ್ತಿ ಕೊಟ್ಟವರನ್ನೂ ನೋಡಿದ್ದೇನೆ.

ಡೆಮೊದಲ್ಲಿ ಕಾಣುವ ಫೋಟೊ ಸಾಮಾನ್ಯವಾಗಿ ಟೆಂಪ್ಲೇಟ್ ಜೊತೆ ಬರುವುದಿಲ್ಲ. ಬಂದರೂ ಅದು ಜಾಗ ತುಂಬಲು ಅಷ್ಟೆ. ನಮ್ಮ ಕಡೆ ಕ್ಲಿನಿಕ್ ಸೈಟುಗಳನ್ನು ನೋಡಿ. ಬಿಳಿ ಕೋಟು, ಕುತ್ತಿಗೆಗೆ ಸ್ಟೆತಸ್ಕೋಪ್, ಅದೇ ನಗುಮುಖದ ವಿದೇಶಿ ಡಾಕ್ಟರ್ ಮೂರು ಊರಿನಲ್ಲಿ ಪ್ರಾಕ್ಟೀಸ್ ಮಾಡುತ್ತಿರುತ್ತಾರೆ.

ಅಂಥ ಒಂದು ಕ್ಲಿನಿಕ್‌ನವರೇ ಒಮ್ಮೆ ಫೋನ್ ಮಾಡಿದರು. ಗೂಗಲ್‌ನಿಂದ ಅವರ ಸೈಟಿಗೆ ಹೋದರೆ ಯಾವುದೋ ಜೂಜಿನ ಪೇಜ್ ತೆರೆಯುತ್ತಿತ್ತು. ಬೇರೆ ಯಾರೋ ಮಾಡಿಕೊಟ್ಟ ಸೈಟ್. ತೀಮ್ ಕೊಂಡಿದ್ದು ಆ ಡೆವಲಪರ್‌ನ ಸ್ವಂತ ಅಕೌಂಟಿನಲ್ಲಿ, ಅವರ ನಂಬರ್ ಈಗ ಸ್ವಿಚ್ಡ್ ಆಫ್. ತೀಮ್ ಕೊಂಡಿದ್ದಕ್ಕೆ ಪುರಾವೆಯಾದ ಪರ್ಚೇಸ್ ಕೋಡ್ ಕ್ಲಿನಿಕ್ ಹತ್ತಿರ ಇಲ್ಲ. ಕೋಡ್ ಇಲ್ಲದೆ ತೀಮ್ ಅಪ್‌ಡೇಟ್ ಆಗುವುದಿಲ್ಲ, ಅದರ ಜೊತೆ ಬಂದ ಪ್ಲಗಿನ್‌ಗಳೂ (ಸೈಟಿಗೆ ಹೆಚ್ಚಿನ ಸೌಲಭ್ಯ ಸೇರಿಸುವ ಚಿಕ್ಕ ಸಾಫ್ಟ್‌ವೇರ್‌ಗಳು) ಹಾಗೇ ಹಳೆಯದಾಗಿ ಕೂತಿದ್ದವು.

ಇದು ಹೊಸ ಸಮಸ್ಯೆ ಏನಲ್ಲ. 2014ರಲ್ಲಿ ಸ್ಲೈಡರ್ ರೆವಲ್ಯೂಷನ್ ಅನ್ನುವ ಪ್ಲಗಿನ್‌ನಲ್ಲಿ ಹ್ಯಾಕರ್‌ಗಳು ನುಗ್ಗಬಹುದಾದ ಒಂದು ತೂತು ಇತ್ತು. ಪ್ಲಗಿನ್ ಮಾಡಿದವರು ಅದನ್ನು ವರ್ಷದ ಆರಂಭದಲ್ಲೇ ಮುಚ್ಚಿದ್ದರು. ಆದರೆ ಎಷ್ಟೋ ತೀಮ್‌ಗಳು ಅದನ್ನು ಹೊಟ್ಟೆಯೊಳಗೆ ಇಟ್ಟುಕೊಂಡೇ ಮಾರಾಟವಾಗಿದ್ದವು. ತಮ್ಮ ಸೈಟಿನಲ್ಲಿ ಅಂಥದ್ದೊಂದು ಇದೆ ಅಂತಲೇ ಜನಕ್ಕೆ ಗೊತ್ತಿರಲಿಲ್ಲ. ಡಿಸೆಂಬರ್‌ನಲ್ಲಿ ಸೋಕ್‌ಸೋಕ್ ಅನ್ನುವ ಮಾಲ್‌ವೇರ್ (ಹಾನಿ ಮಾಡುವ ಸಾಫ್ಟ್‌ವೇರ್) ಅದೇ ತೂತಿನಿಂದ ನುಗ್ಗಿತು. ಗೂಗಲ್ 11,000ಕ್ಕೂ ಹೆಚ್ಚು ಡೊಮೇನ್‌ಗಳನ್ನು ಕಪ್ಪುಪಟ್ಟಿಗೆ ಹಾಕಿತು.

ಹಾಗಾಗಿ ಟೆಂಪ್ಲೇಟನ್ನು ಕ್ಲೈಂಟಿನ ಇಮೇಲ್‌ನಲ್ಲಿ, ಕ್ಲೈಂಟಿನ ಕಾರ್ಡ್‌ನಲ್ಲಿ ಅವರ ಎದುರೇ ಕೊಳ್ಳಿಸುತ್ತೇನೆ. ಕಾರ್ಡಿನಲ್ಲಿ ಇಂಟರ್‌ನ್ಯಾಷನಲ್ ಪೇಮೆಂಟ್ ಆನ್ ಮಾಡಿಸಲು ಅರ್ಧ ಗಂಟೆ ಹೋದರೂ ಪರವಾಗಿಲ್ಲ. ಬಿಲ್ ಅವರಿಗೇ ಬರುತ್ತದೆ, ನಾನು ಟೆಂಪ್ಲೇಟ್ ಬೆಲೆಯ ಮೇಲೆ ಮಾರ್ಜಿನ್ ಇಟ್ಟೆ ಅನ್ನುವ ಅನುಮಾನಕ್ಕೂ ಜಾಗ ಇರುವುದಿಲ್ಲ. ತೀಮ್ ಜೊತೆ ಬರುವ ಸಪೋರ್ಟ್ ಆರು ತಿಂಗಳಿನದು, ಅದಾದ ಮೇಲೆ ದುಡ್ಡು ಕೊಟ್ಟು ಮುಂದುವರಿಸಬೇಕು ಅಂತಲೂ ಆಗಲೇ ಹೇಳಿಬಿಡುತ್ತೇನೆ. ಎಎಂಸಿ, ಅಂದರೆ ವರ್ಷದ ನಿರ್ವಹಣೆ ಒಪ್ಪಂದದ ಮಾತು ಎತ್ತಲು ಅದೇ ಸರಿಯಾದ ಹೊತ್ತು.

ಅದೇ ತೀಮ್ 300 ರೂಪಾಯಿಗೆ, ಕೆಲವು ಕಡೆ ಫ್ರೀಯಾಗಿ ಸಿಗುತ್ತದಲ್ಲ ಅನ್ನುವವರಿಗೆ ಒಂದೇ ಮಾತು. ಡಬ್ಲ್ಯುಪಿ-ವಿಸಿಡಿ ಅನ್ನುವ ಮಾಲ್‌ವೇರ್ ಹರಡಿದ್ದೇ ಇಂಥ ಲೈಸೆನ್ಸ್ ಮುರಿದ ತೀಮ್‌ಗಳ ಮೂಲಕ.

ಕೆಲಸ ಶುರುವಾದ ಮೇಲೆ ನನ್ನ ಸಮಯ ಜಾಸ್ತಿ ಹೋಗುವುದು ತೆಗೆಯುವುದರಲ್ಲಿ. ಡೆಮೊ ಇಂಪೋರ್ಟ್ ಮಾಡಿದರೆ ಬೇಡದ ಪೇಜುಗಳ ರಾಶಿ ಬಂದು ಬೀಳುತ್ತದೆ. ಅಳಿಸದಿದ್ದರೆ ಗೂಗಲ್ ಅವನ್ನೂ ಹುಡುಕಿ ತೋರಿಸುತ್ತದೆ, ಹೋಮ್‌ಸ್ಟೇ ಹೆಸರಿನ ಕೆಳಗೆ ಲೋರೆಮ್ ಇಪ್ಸಮ್ ಅನ್ನುವ ಅರ್ಥವಿಲ್ಲದ ತುಂಬು ಬರಹ. ನಮ್ಮ ಬದಲಾವಣೆಗಳು ಚೈಲ್ಡ್ ತೀಮ್‌ನಲ್ಲೇ (ಮೂಲ ತೀಮ್ ಮುಟ್ಟದೆ ಬದಲಾವಣೆಗಳನ್ನು ಬೇರೆಯಾಗಿ ಇಡುವ ಜಾಗ) ಇರಬೇಕು, ಇಲ್ಲದಿದ್ದರೆ ಮುಂದಿನ ಅಪ್‌ಡೇಟ್ ಎಲ್ಲವನ್ನೂ ನುಂಗುತ್ತದೆ. ಪೇಜ್ ಜೋಡಿಸುವ ಟೂಲ್, ಅಂದರೆ ಪೇಜ್ ಬಿಲ್ಡರ್ ಯಾವುದು ಅಂತಲೂ ಕೊಳ್ಳುವ ಮೊದಲೇ ನೋಡಿ. ಕೆಲವನ್ನು ನಾಳೆ ಆಫ್ ಮಾಡಿದರೆ ಪೇಜ್ ತುಂಬ ಚೌಕ ಬ್ರ್ಯಾಕೆಟ್ಟಿನ ಕೋಡ್ ಉಳಿಯುತ್ತದೆ, ಬರಹ ಅದರ ನಡುವೆ ಹುಡುಕಬೇಕು.

ಆ ಸಕಲೇಶಪುರದವರು ಈಚೆಗೆ ಮೂಡಿಗೆರೆ ಹತ್ತಿರ ಇನ್ನೊಂದು ಹೋಮ್‌ಸ್ಟೇ ತೆರೆದರು. "ಅದನ್ನೇ ಕಾಪಿ ಹೊಡೆದು ಹೆಸರು ಬದಲಾಯಿಸಿ ಕೊಡಿ" ಅಂದರು. ಎರಡನೇ ಸೈಟಿಗೆ ಎರಡನೇ ಲೈಸೆನ್ಸ್ ಬೇಕು ಅಂತ ಹೇಳಿದೆ. ಸ್ವಲ್ಪ ಗೊಣಗಿದರು, ಆಮೇಲೆ ಕಾರ್ಡ್ ತೆಗೆದರು. ಲೈಸೆನ್ಸಿನವರ ಹತ್ತಿರ ಚೌಕಾಸಿ ನಡೆಯುವುದಿಲ್ಲ ಅಂತ ಗೊತ್ತಾಗಿ ನನ್ನ ಚಾರ್ಜಿಗೆ ಬಂದರು. ಐದು ಸಾವಿರ ಬಿಟ್ಟುಕೊಟ್ಟೆ. ಈ ಸಲ ಫೋಟೊ ಅಡ್ಡ ಹಿಡಿದೇ ತೆಗೆದಿದ್ದರು, ಗೂಗಲ್ ಡ್ರೈವ್‌ನಲ್ಲೇ ಹಾಕಿದ್ದರು.