ಬೇಕಂತ ಹಾಕೀನಿ

ನೀಟ್ ರಿಸಲ್ಟ್ ಬಂದಾಗಿನಿಂದ ನಮ್ಮ ಅಣ್ಣನ ಮನೆಯಲ್ಲಿ ಬೇರೆ ಮಾತಿಲ್ಲ. ಈ ವಾರ ಕೆಇಎ (ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಮೆಡಿಕಲ್ ಕಾಲೇಜುಗಳನ್ನು ಸಾಲಾಗಿ ಪಟ್ಟಿ ಮಾಡಿ ತುಂಬುವುದು ಶುರುವಾಯಿತು ನೋಡಿ, ಮಾತು ಇನ್ನೂ ಜಾಸ್ತಿಯಾಯಿತು. ಭಾನುವಾರ ನಾನು ಹೋದಾಗ ಹೋದ ವರ್ಷದ ಕಟ್‌ಆಫ್ ಹಾಳೆಗಳು ನಡುಮನೆ ತುಂಬ ಹರಡಿದ್ದವು. ಅಣ್ಣ ಕೆಂಪು ಪೆನ್ ಹಿಡಿದು ಗೆರೆ ಹಾಕುತ್ತಿದ್ದ. ಅವನ ಗೆಳೆಯರೊಬ್ಬರು, ರಿಟೈರ್ಡ್ ಎಂಜಿನಿಯರ್, ಎದುರಿಗೆ ಕೂತಿದ್ದರು. ಒಳ್ಳೆಯವರೇ. ಆದರೆ ಯಾವ ವಿಷಯಕ್ಕೂ ತಮ್ಮ ಹತ್ತಿರ ಉತ್ತರ ಇದೆ ಅಂತ ನಂಬಿದವರು, ಮುಂದಿದ್ದವರ ಮಾತು ಪೂರ್ತಿ ಕೇಳಿಸಿಕೊಳ್ಳುವುದಿಲ್ಲ.

ಅಣ್ಣನ ಮಗಳು ಲ್ಯಾಪ್‌ಟಾಪಿನಲ್ಲಿ ತನ್ನ ಪಟ್ಟಿ ತೋರಿಸಿದಳು. ಮೊದಲನೆಯದು ನಮ್ಮ ಕಲಬುರಗಿ ಸರ್ಕಾರಿ ಮೆಡಿಕಲ್ ಕಾಲೇಜು, ಜಿಮ್ಸ್. ಎರಡನೆಯದು ಬೆಂಗಳೂರು. ಆಮೇಲೆ ಬೀದರ್, ರಾಯಚೂರು, ಯಾದಗಿರಿ.

ಅಣ್ಣನ ಮುಖ ಸಣ್ಣದಾಯಿತು. ಗೆಳೆಯರು ಮಾತ್ರ ಖುಷಿಯಾದರು. "ಶಾಣ್ಯಾ ಹುಡುಗಿ ಅದ. ಸಿಗೋದನ್ನೇ ಮ್ಯಾಲ ಹಾಕ್ಯಾಳ" ಅಂದರು.

"ಸಿಗ್ತದಂತ ಹಾಕಿಲ್ರಿ ಮಾಮಾ. ಬೇಕಂತ ಹಾಕೀನಿ."

ಅಷ್ಟೇ ಹೇಳಿದ್ದು. ದನಿ ಏರಿಸಲಿಲ್ಲ, ಅಳಲಿಲ್ಲ. ಆ ಮಾತು ನನ್ನ ತಲೆಯಲ್ಲಿ ಇನ್ನೂ ತಿರುಗುತ್ತಿದೆ.

ಯಾಕೆಂದರೆ ಆ ಪಟ್ಟಿ ಇರುವುದೇ ಅದಕ್ಕೆ. ನಿಮ್ಮ ರ‍್ಯಾಂಕ್ ಸರದಿ ಬಂದಾಗ ಕಂಪ್ಯೂಟರ್ ನಿಮ್ಮ ಪಟ್ಟಿಯನ್ನು ಮೇಲಿಂದ ನೋಡಿಕೊಂಡು ಬರುತ್ತದೆ. ಮೊದಲನೆಯದರಲ್ಲಿ ಸೀಟು ಇದ್ದರೆ ಅದನ್ನೇ ಕೊಡುತ್ತದೆ, ಕೆಳಗೆ ನೋಡುವುದಿಲ್ಲ. ಇಲ್ಲದಿದ್ದರೆ ಮುಂದಿನದು. ಸಿಗದ ಕಾಲೇಜನ್ನು ಮೇಲೆ ಹಾಕಿದರೆ ಕೆಳಗಿನದಕ್ಕೆ ಒಂದಿಷ್ಟೂ ನಷ್ಟವಿಲ್ಲ. ಗ್ಯಾರಂಟಿ ಸಿಗುವುದನ್ನು ಸುಮ್ನೆ ಮೇಲೆ ಹಾಕಿದರೇ ನಷ್ಟ, ಅದರ ಕೆಳಗಿನ ಬಾಗಿಲೆಲ್ಲ ಮುಚ್ಚಿತು. ಇಷ್ಟು ಗೊತ್ತಿಲ್ಲದೆ ಎಷ್ಟು ಮನೆಗಳಲ್ಲಿ ಮಕ್ಕಳ ಪಟ್ಟಿ ಕೆಡಿಸುತ್ತಾರೋ! ನಮ್ಮ ಹುಡುಗಿಗೆ ಇದು ಗೊತ್ತಿತ್ತು. ಜಿಮ್ಸ್ ಮೇಲಿಟ್ಟರೆ ಬೆಂಗಳೂರು ಕೈಬಿಟ್ಟಂತೆ ಅಂತ ಗೊತ್ತಿದ್ದೇ ಮೇಲಿಟ್ಟಿದ್ದಳು.

ಅವಳಿಗೆ ಬೆಂಗಳೂರು ಸಿಗುವ ಸಾಧ್ಯತೆ ಇಲ್ಲವೇ ಇಲ್ಲ ಅಂತಲ್ಲ. ಸಂವಿಧಾನದ 371ಜೆ ವಿಧಿಯಡಿ ನಮ್ಮ ಕಲ್ಯಾಣ ಕರ್ನಾಟಕದವರಿಗೆ ಸಿಗುವ ಸರ್ಟಿಫಿಕೇಟ್ ಇದೆ. ನಮ್ಮ ಭಾಗದ ಕಾಲೇಜುಗಳಲ್ಲಿ ಸ್ಥಳೀಯರಿಗೆ ಶೇ 70 ಸೀಟು ಮೀಸಲು, ರಾಜ್ಯದ ಉಳಿದ ಕಡೆ ಶೇ 8. ಈ ಅನುಕೂಲ ಸುಮ್ನೆ ಬಂದಿದ್ದಲ್ಲ. ವರ್ಷಗಟ್ಟಲೆ ಹೋರಾಡಿದ ಮೇಲೆ 2012ರಲ್ಲಿ ಸಂಸತ್ತು ಸಂವಿಧಾನಕ್ಕೆ ತಿದ್ದುಪಡಿ ತಂದಿತು. ಅದರಿಂದ ನಮ್ಮ ಎಷ್ಟೋ ಹಳ್ಳಿಯ ಮಕ್ಕಳು ಡಾಕ್ಟರ್ ಆಗುತ್ತಿದ್ದಾರೆ, ನನಗೆ ಅದು ದೊಡ್ಡ ಸಂತೋಷ. ಬೇಜಾರು ಒಂದೇ. ಮನೆಗಳಲ್ಲಿ ಆ ಶೇ 8ರ ಲೆಕ್ಕವನ್ನೇ ಮೊದಲು ಹಾಕುತ್ತಾರೆ. ಇಲ್ಲಿನ ಶೇ 70 ಅಂದರೆ ಬೇರೆ ಕಡೆ ಆಗದವರಿಗೆ ಅನ್ನುವ ಹಾಗೆ ಮಾತಾಡುತ್ತಾರೆ.

"ಯಾಕ ಬೇಕು ಹೇಳು" ಅಂತ ಅಣ್ಣ ಕೇಳಿದ. ಆಗ ಅವಳು ಹೇಳಿದ್ದು ನಮಗ್ಯಾರಿಗೂ ಗೊತ್ತಿರದ ಸಂಗತಿ.

ಹೋದ ಮಳೆಗಾಲದಲ್ಲಿ ಅವ್ವ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು. ಇಲ್ಲಿನ ಸರ್ಕಾರಿ ಆಸ್ಪತ್ರೆಗೇ ಸೇರಿಸಿದ್ದೆವು. ರಾತ್ರಿ ಹುಡುಗಿ ಜೊತೆಗಿರುತ್ತಿದ್ದಳು. ಒಂದು ರಾತ್ರಿ ನೀರು ತರಲು ಕೆಳಗೆ ಹೋದಾಗ ಆಳಂದ ಕಡೆಯ ರೈತರೊಬ್ಬರನ್ನು ಹೊತ್ತು ತಂದರಂತೆ. ತೊಗರಿ ಹೊಲದಲ್ಲಿ ಹಾವು ಕಚ್ಚಿತ್ತು. ಹೌಸ್ ಸರ್ಜನ್ (ಇಂಟರ್ನ್‌ಶಿಪ್ ಮಾಡುವ ಡಾಕ್ಟರ್) ಹುಡುಗಿಯೊಬ್ಬಳು, ಇವಳಿಗಿಂತ ಐದಾರು ವರ್ಷ ದೊಡ್ಡವಳಿರಬಹುದು, ರಕ್ತ ತೆಗೆದು ಗಾಜಿನ ಟ್ಯೂಬಿಗೆ ಹಾಕಿ ಮೇಜಿನ ಮೇಲೆ ನಿಲ್ಲಿಸಿದಳು. ಯಾರೂ ಮುಟ್ಟಬೇಡಿ ಅಂದಳು. ಗಡಿಯಾರ ನೋಡಿಕೊಂಡು 20 ನಿಮಿಷ ಕಾದಳು. ಆಮೇಲೆ ಟ್ಯೂಬ್ ಮೆಲ್ಲಗೆ ಓರೆ ಮಾಡಿದಳು. ರಕ್ತ ಹೆಪ್ಪುಗಟ್ಟಿರಲಿಲ್ಲ, ನೀರಿನಂತೆ ಹರಿಯಿತು. ವಿಷ ರಕ್ತಕ್ಕೆ ಇಳಿದಿದೆ ಅಂತ ಅದರ ಅರ್ಥ. ತಕ್ಷಣ ವಿಷನಿರೋಧಕ ಔಷಧಿಯ ಡ್ರಿಪ್ ಹಚ್ಚಿದರು.

"ಒಂದು ಗಾಜಿನ ಟ್ಯೂಬ್, ಒಂದು ಗಡಿಯಾರ, ಅಷ್ಟರಾಗ ತಿಳೀತು ಅಪ್ಪಾ. ನಾ ಇದನ್ನ ಇಲ್ಲೇ ಕಲೀಬೇಕು" ಅಂದಳು.

ನನಗೆ ಹೆಮ್ಮೆಯಾಯಿತು, ಮುಚ್ಚಿಡುವುದೇನಿದೆ. ನಾವು ಕಾಲೇಜಿನ ಹೆಸರು, ಊರು, ಹಾಸ್ಟೆಲ್, ಕಟ್‌ಆಫ್ ನೋಡುತ್ತಿದ್ದೆವು. ಆ ಮನೆಯಲ್ಲಿ ವಾರ್ಡ್ ನೋಡಿ ಬಂದವಳು ಅವಳೊಬ್ಬಳೇ. ಎಂಬಿಬಿಎಸ್ ಅಂದರೆ ನಾಲ್ಕೂವರೆ ವರ್ಷದ ಓದು, ಅದರ ಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಆ ಒಂದು ವರ್ಷ ಕೈಗೆ ಎಷ್ಟು ಕೆಲಸ ಸಿಗುತ್ತದೆ ಅನ್ನುವುದು ಮುಖ್ಯ ಅಲ್ವಾ? ಹೆರಿಗೆ, ಹಾವು ಕಡಿತ, ರಸ್ತೆ ಅಪಘಾತ, ಸುಟ್ಟ ಗಾಯ, ಎಲ್ಲ ನಮ್ಮ ಜಿಲ್ಲಾ ಆಸ್ಪತ್ರೆಗಳ ಬಾಗಿಲಿಗೇ ಬರುತ್ತವೆ.

ಅಣ್ಣನ ಮಾತಿನಲ್ಲೂ ಹುರುಳಿದೆ. ಬೆಂಗಳೂರಿನ ಹಳೆಯ ಕಾಲೇಜಿನಲ್ಲಿ ದೊಡ್ಡ ದೊಡ್ಡ ವಿಭಾಗಗಳಿವೆ, ಪಿಜಿಗೆ ಓದುವ ಹುಡುಗರ ಸಹವಾಸ ಸಿಗುತ್ತದೆ. ಹೊಸ ಕಾಲೇಜು ಅಂದರೆ ಎಲ್ಲ ವಿಭಾಗದಲ್ಲೂ ಸಾಕಷ್ಟು ಮೇಷ್ಟ್ರು ಇದ್ದಾರಾ ಅಂತ ಹೋಗಿ ವಿಚಾರಿಸಲೇಬೇಕು. ಅಲ್ಲಿ ಓದುತ್ತಿರುವವರನ್ನೇ ಕೇಳಬೇಕು. ಅವಳು ಕೇಳಿ ಬಂದಿದ್ದಾಳೆ. ಯಾದಗಿರಿಯನ್ನು ಐದನೆಯದಾಗಿ ಇಟ್ಟಿದ್ದೂ ಹಾಗೆ ವಿಚಾರಿಸಿದ ಮೇಲೆಯೇ.

ನಮ್ಮವರಿಗೆ ಕಾಯಿಲೆ ಜೋರಾದರೆ ಸೋಲಾಪುರ, ಹೈದರಾಬಾದ್ ಅಂತ ಓಡುತ್ತೇವೆ. ಇಲ್ಲಿ ಡಾಕ್ಟರ್ ಇಲ್ಲ ಅಂತ ಬೈಯುತ್ತೇವೆ. ಅದೇ ಬಾಯಲ್ಲಿ, ಇಲ್ಲೇ ಕಲಿಯುತ್ತೇನೆ ಅಂದ ಮಗುವಿಗೆ ಧೈರ್ಯ ಸಾಲದು, ಸುಲಭದ್ದು ಆರಿಸಿಕೊಂಡಳು ಅನ್ನುತ್ತೇವೆ. ಆ ಗೆಳೆಯರು ಹೊಗಳಿದ್ದು ನಿಜ. ಆದರೆ ಇಲ್ಲಿನ ಕಾಲೇಜು ಯಾರಿಗಾದರೂ ಬೇಕಾಗಿರಬಹುದು ಅನ್ನುವುದೇ ಅವರಿಗೆ ಹೊಳೆದಿರಲಿಲ್ಲ. ಅದಕ್ಕೇ ನನಗೆ ಅಷ್ಟು ನೋವಾಯಿತು.

ಅಣ್ಣ ಇನ್ನೂ ಒಪ್ಪಿಲ್ಲ. ನಿನ್ನೆ ರಾತ್ರಿ ಫೋನ್ ಮಾಡಿ, "ನೀ ಹೇಳಿದ್ರ ಕೇಳ್ತಾಳ, ಬೆಂಗಳೂರು ಮ್ಯಾಲ ತಗೊಳ್ಳಾಕ ಹೇಳು" ಅಂದ. ನಾನು ಹೇಳಲ್ಲ ಅಂದೆ. ಅಣಕು ಹಂಚಿಕೆ, ಅಂದರೆ ಯಾವ ಸೀಟು ಸಿಗಬಹುದು ಅಂತ ಮೊದಲೇ ತೋರಿಸುವ ಪಟ್ಟಿ ಬರಲಿ, ಆಮೇಲೂ ಪಟ್ಟಿ ಬದಲಿಸಲು ಅವಕಾಶ ಇರುತ್ತದೆ. ಬದಲಿಸಬೇಕು ಅನ್ನಿಸಿದರೆ ಅವಳೇ ಬದಲಿಸಲಿ. ಪಾಸ್‌ವರ್ಡ್ ಅವಳ ಹತ್ತಿರವೇ ಇದೆ.