ಕಾರಣ ಏನ್ ಬರ್ದಿದ್ದ?

ದಾವಣಗೆರೆ, 18 ಜನವರಿ 2026, ಭಾನುವಾರ

ರಾತ್ರಿ ಒಂಬತ್ತೂವರೆ. ಗಂಟಲು ಕಟ್ಟಿದೆ. ಚಳಿಗಲ್ಲ, ಸಂಜೆ ಕೂಗಾಡಿದ್ದಕ್ಕೆ.

ಪ್ರತಿ ತಿಂಗಳ ಮೂರನೇ ಭಾನುವಾರ ವಿದ್ಯಾನಗರದ ನಮ್ಮ ಮನೆ ಮಹಡಿಯಲ್ಲಿ ಐದಾರು ಜನ ಸೇರುತ್ತೇವೆ. ಎಲ್ಲರೂ ಒಂದೇ ಪುಸ್ತಕ ಓದಿಕೊಂಡು ಬರಬೇಕು ಅನ್ನೋದು ಕರಾರು. ಅರ್ಧ ಓದಿ ಬಂದವರು ಮಂಡಕ್ಕಿ ಮೆಣಸಿನಕಾಯಿ ತರಬೇಕು ಅನ್ನೋದು ದಂಡ. ಈ ಸಲ ದಂಡ ಕಟ್ಟುವವರೇ ಸಿಗಲಿಲ್ಲ. ಎಲ್ಲರೂ ಕೊನೆಯ ಪುಟದವರೆಗೆ ಓದಿದ್ದರು, ಬಹಳ ಮಂದಿ ಉರಿಯುತ್ತಿದ್ದರು. ಮೆಣಸಿನಕಾಯಿ ನಾನೇ ತರಿಸಿದೆ.

ಪುಸ್ತಕ ಅಮೆರಿಕದ ಕಾದಂಬರಿಕಾರ ಜಾನ್ ಗ್ರಿಷಮ್ ಅವರ ‘ದಿ ಅಪೀಲ್’, 2008ರದು. ಆರಿಸಿದ್ದು ನಾನು, ಬೈಸಿಕೊಂಡದ್ದೂ ನಾನೇ. (ಓದಬೇಕು ಅಂತ ಎತ್ತಿಟ್ಟುಕೊಂಡವರು ಇಲ್ಲಿಗೇ ನಿಲ್ಲಿಸಿ. ಮುಂದೆ ಗುಟ್ಟು ಉಳಿಸುವುದಿಲ್ಲ.)

ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಒಂದು ಸಣ್ಣ ಊರು. ರಾಸಾಯನಿಕ ಕಂಪನಿಯೊಂದು ವರ್ಷಗಟ್ಟಲೆ ವಿಷ ಸುರಿದು ಕುಡಿಯುವ ನೀರು ಕೆಡಿಸಿದೆ, ಮನೆಮನೆಗೆ ಕ್ಯಾನ್ಸರ್ ಹೊಕ್ಕಿದೆ. ಗಂಡ, ಮಗ ಇಬ್ಬರನ್ನೂ ಕಳಕೊಂಡ ಹೆಣ್ಣುಮಗಳೊಬ್ಬಳು ದಾವೆ ಹೂಡುತ್ತಾಳೆ. ಅವಳ ವಕೀಲರು ಗಂಡ ಹೆಂಡತಿ. ಇದೊಂದು ಕೇಸಿಗಾಗಿ ಇದ್ದದ್ದೆಲ್ಲ ಕಳಕೊಂಡು ಸಾಲದಲ್ಲಿ ಮುಳುಗಿದವರು. ಜ್ಯೂರಿ, ಅಂದರೆ ತೀರ್ಪು ಹೇಳಲು ಆರಿಸಿದ ಸಾಮಾನ್ಯ ಜನರ ಗುಂಪು, 4 ಕೋಟಿ 10 ಲಕ್ಷ ಡಾಲರ್ ಕೊಡಿ ಅನ್ನುತ್ತದೆ. ಬೇರೆ ಯಾರಾದರೂ ಬರೆದಿದ್ದರೆ ಇಲ್ಲಿಗೆ ಮುಗಿಸುತ್ತಿದ್ದರೇನೋ. ಇವರು ಇಲ್ಲಿಂದ ಶುರು ಮಾಡುತ್ತಾರೆ. ಕಂಪನಿಯ ಮಾಲೀಕ ಅಪೀಲು ಹೋಗುತ್ತಾನೆ. ಅಪೀಲು ಕೇಳುವ ಕೋರ್ಟಿಗೆ ಚುನಾವಣೆ ಬರುತ್ತದೆ. ಹಿಂದಿನಿಂದ ದುಡ್ಡು ಸುರಿದು, ತನಗೆ ಒಗ್ಗುವ ಒಬ್ಬನನ್ನು ಜಡ್ಜ್ ಮಾಡಿ ಕೂರಿಸುತ್ತಾನೆ. ತಮಾಷೆ ಏನೆಂದರೆ, ತನ್ನನ್ನು ಯಾರು ಕೊಂಡರು ಅನ್ನೋದು ಆ ಜಡ್ಜಿಗೇ ಗೊತ್ತಿಲ್ಲ.

“ಜಡ್ಜಿಗೆ ಎಲೆಕ್ಷನ್ನಾ?” ಅಂದರು ಅತ್ತಿಗೆ. “ಹಂಗಾದ್ರೆ ಅವರೂ ಕುಕ್ಕರ್ ಹಂಚ್ತಾರೇನು?”

ಪುಸ್ತಕ ಓದಿ ಮುಗಿಸಿದ ಮೇಲೂ ಅವರಿಗೆ ಅದು ಕಥೆಗಾರ ಕಟ್ಟಿದ್ದು ಅನ್ನಿಸಿತ್ತಂತೆ. ಅಲ್ಲ. ಮಿಸಿಸಿಪ್ಪಿಯ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳನ್ನೂ ಜನ ಓಟು ಹಾಕಿಯೇ ಆರಿಸುತ್ತಾರೆ, ಎಂಟು ವರ್ಷದ ಅವಧಿಗೆ. ನಮ್ಮಲ್ಲಿ ಜಡ್ಜರೇ ಜಡ್ಜರ ಹೆಸರು ಹೇಳುವ ಕೊಲಿಜಿಯಂ. ಅದನ್ನು ಬದಲಿಸಲು ಹೊರಟ ಕಾನೂನನ್ನು 2015ರಲ್ಲಿ ಸುಪ್ರೀಂ ಕೋರ್ಟೇ ಹೊಡೆದುಹಾಕಿತು. ಯಾವುದು ವಾಸಿ ಅಂತ ನಮ್ಮ ಗುಂಪಿನ ವಕೀಲರು ಭಾಷಣ ಶುರುಮಾಡುವ ಹೊತ್ತಿಗೆ ಮೆಣಸಿನಕಾಯಿ ಬಂತು. ಪುಣ್ಯ.

ಕೊನೆ ಹೇಗಿದೆ ಅಂದರೆ, ಕಂಪನಿ ಗೆಲ್ಲುತ್ತದೆ. ಆ ಹೆಣ್ಣುಮಗಳಿಗೆ ಬಿಡಿಗಾಸಿಲ್ಲ. ಬಿದ್ದಿದ್ದ ಷೇರು ಮತ್ತೆ ಏರಿ ಮಾಲೀಕ ಮೊದಲಿಗಿಂತ ಸಾಹುಕಾರನಾಗುತ್ತಾನೆ, ತನ್ನ ವಿಹಾರನೌಕೆಯಲ್ಲಿ ಪಾರ್ಟಿ ಮಾಡುತ್ತಾನೆ. ಅಷ್ಟೇ. ಪುಸ್ತಕ ಮುಚ್ಚಿ.

“ಇಷ್ಟು ದಪ್ಪ ಪುಸ್ತಕ ಓದ್ಸಿ ಕೊನೀಗೆ ಹಿಂಗ್ ಮಾಡಾದಾ?” ಅತ್ತಿಗೆಯ ತಕರಾರು. “ಬೆಣ್ಣೆ ದೋಸೆ ಅಂತ ಕೂರ್ಸಿ ಡಾಲ್ಡಾ ಹಾಕಿ ಕೊಟ್ಟಂಗಾತು.”

ಮೇಷ್ಟ್ರು ಅವರ ಪಕ್ಷ. ಒಮ್ಮೆ ದುಗ್ಗಮ್ಮನ ಜಾತ್ರೆಯಲ್ಲಿ ಕ್ಯಾಂಪ್ ಹಾಕಿದ್ದ ಕಂಪನಿ ನಾಟಕಕ್ಕೆ ಹೋಗಿದ್ದರಂತೆ. ಕೊನೆಯ ಅಂಕದಲ್ಲಿ ಸುಳ್ಳು ಪತ್ರ ಮಾಡಿದ ಗೌಡ ಕೇಸು ಗೆದ್ದ, ಬಡವ ಜೈಲಿಗೆ ಹೋದ, ಪರದೆ ಬಿತ್ತು. ಜನ ಏಳಲೇ ಇಲ್ಲ. ಇನ್ನೊಂದು ಸೀನು ಬಾಕಿ ಇದೆ ಅಂತ ಕೂತೇ ಇದ್ದರು. ಮಾಲೀಕ ಬಂದು ಕೈ ಮುಗಿದು “ಆಟ ಮುಗೀತ್ರಪ್ಪಾ” ಅನ್ನಬೇಕಾಯಿತು. ಮಾರನೇ ದಿನದ ಆಟಕ್ಕೆ ಗೌಡನ ಕೈಗೆ ಕೋಳ ಬಿದ್ದಿತ್ತಂತೆ. “ಟಿಕೀಟು ತಗೊಂಡೋರ ಹಕ್ಕಮ್ಮ ಅದು” ಅಂದರು. ಮೇಷ್ಟ್ರ ಕಥೆಗಳಿಗೆ ಉಪ್ಪುಖಾರ ಸ್ವಲ್ಪ ಜಾಸ್ತಿ. ಆದರೆ ಪರದೆ ಬಿದ್ದ ಮೇಲೂ ಕೂತೇ ಇದ್ದ ಆ ಜನ ನನ್ನ ಕಣ್ಣಿಗೆ ಕಟ್ಟಿಬಿಟ್ಟರು. ಮೊನ್ನೆ ಪುಸ್ತಕ ಮುಗಿಸಿದ ರಾತ್ರಿ ನಾನೂ ಹಾಗೇ, ಖಾಲಿ ಹಾಳೆ ಮಗುಚಿ ಮಗುಚಿ ನೋಡಿದ್ದೆ.

ಕೆಎಎಸ್ ಪರೀಕ್ಷೆಗೆ ಓದುತ್ತಿರುವ ಹುಡುಗ ಮಾತ್ರ ಕೈಕಟ್ಟಿ ಕೂತಿದ್ದ. “ಇದೇ ರಿಯಾಲಿಟಿ ಆಂಟಿ. ನೀವೆಲ್ಲ ಸಿನಿಮಾ ಎಂಡಿಂಗ್ ಕೇಳ್ತಿದೀರಿ.” ಈ ಲೆಕ್ಕ ನನಗೆ ಹಿಡಿಸುವುದಿಲ್ಲ. ಸೋತರೆ ವಾಸ್ತವ, ಗೆದ್ದರೆ ಸಿನಿಮಾ ಅಂತ ಯಾರು ಹೇಳಿದ್ದು? ಕೋರ್ಟಿನಲ್ಲಿ ಗೆದ್ದ ಬಡವರೂ ಇದ್ದಾರೆ. (‘ಆಂಟಿ’ ಅಂದದ್ದಕ್ಕೂ ಸಿಟ್ಟು ಬಂದಿತ್ತು, ಅದು ಬೇರೆ.)

ವಕೀಲರಿಗೆ ಸೋಲು ತೊಂದರೆಯೇ ಅಲ್ಲ. ಅವರಿಗೆ ನಂಬಲಾಗದ್ದು ವೇಗ. “ಇಷ್ಟು ಬೇಗ ಅಪೀಲು ಇತ್ಯರ್ಥ ಆಗೋದಾದ್ರೆ ನಮ್ಮ ಕಕ್ಷಿದಾರರು ಖುಷಿಯಿಂದ ಸೋಲ್ತಾರೆ ಬಿಡ್ರಿ.” ಗೆದ್ದವನು ಸೋತ, ಸೋತವನು ಸತ್ತ ಅಂತ ಎಲ್ಲರೂ ಒಟ್ಟಿಗೆ ಹೇಳಿ ನಕ್ಕೆವು. ಈ ದೇಶದಲ್ಲಿ ದಾವೆದಾರನ ಕಷ್ಟ ಶುರುವಾಗೋದೇ ಡಿಕ್ರಿ, ಅಂದರೆ ಗೆದ್ದ ಆದೇಶ, ಸಿಕ್ಕ ಮೇಲೆ ಅಂತ 1872ರಲ್ಲೇ ಪ್ರಿವಿ ಕೌನ್ಸಿಲ್ (ಬ್ರಿಟಿಷರ ಕಾಲದಲ್ಲಿ ನಮ್ಮ ಕೊನೆಯ ಅಪೀಲು ಕೇಳುತ್ತಿದ್ದ ಲಂಡನ್ನಿನ ಕೋರ್ಟು) ಹೇಳಿದೆಯಂತೆ. ಗಾದೆಗೆ ಲಂಡನ್ನಿನ ಮೊಹರು.

ನನ್ನ ಸಿಟ್ಟು ಇವರ್ಯಾರ ಸಿಟ್ಟೂ ಅಲ್ಲ.

ಕಥೆಯ ಕೊನೆಯ ಭಾಗದಲ್ಲಿ ಆ ಹೊಸ ಜಡ್ಜಿನ ಮಗನಿಗೆ ಬೇಸ್‌ಬಾಲ್ ಆಟದಲ್ಲಿ ಚೆಂಡು ತಲೆಗೆ ಬಡಿಯುತ್ತದೆ. ಆಸ್ಪತ್ರೆಯವರ ಎಡವಟ್ಟಿನಿಂದ ಪೆಟ್ಟು ಗೊತ್ತಾಗದೆ ಹುಡುಗನ ಮಿದುಳಿಗೆ ಶಾಶ್ವತ ಹಾನಿಯಾಗುತ್ತದೆ. ಇಂಥ ತಪ್ಪಿಗೆ ಯಾರೂ ಕೋರ್ಟಿಗೆ ಬರಬಾರದು ಅನ್ನುವ ಹಾಗೆ ಅಲ್ಲಿಯವರೆಗೆ ತೀರ್ಪು ಕೊಡುತ್ತಿದ್ದ ಮನುಷ್ಯ, ಈಗ ಮಗನ ಮಂಚದ ಪಕ್ಕ. ಅದೇ ಹೊತ್ತಿಗೆ ಆ ಹೆಣ್ಣುಮಗಳ ಫೈಲು ಮುಂದಿದೆ, ಅವನ ಮತವೇ ನಿರ್ಣಾಯಕ. ಓದುತ್ತಾ ನನ್ನ ಎದೆ ಹಗುರಾಯಿತು. ಈಗ ತಿಳಿಯುತ್ತದೆ ಇವನಿಗೆ, ಅಂದುಕೊಂಡೆ. ಅವನಿಗೆ ತಿಳಿಯುತ್ತದೆ ಕೂಡ. ತಿಳಿದೂ ಕಂಪನಿಯ ಕಡೆಗೇ ಮತ ಹಾಕುತ್ತಾನೆ.

ಕೆಟ್ಟವರು ಗೆದ್ದರು ಅನ್ನೋದು ನನಗೆ ನುಂಗಲಾಗದ ತುತ್ತಲ್ಲ. ಆ ಮಗುವಿನ ತಲೆ ಒಡೆದು ನಮಗೆ ಆಸೆ ಹುಟ್ಟಿಸಬೇಕಿತ್ತೇ? ಅದು ಇಲ್ಲದಿದ್ದರೂ ಸೋಲು ಸೋಲೇ ಆಗುತ್ತಿತ್ತು. ಇದು ಕರುವಿಗೆ ಮೊಲೆ ತೋರಿಸಿ ಗೂಟಕ್ಕೆ ಕಟ್ಟಿದ ಹಾಗೆ. ವಕೀಲರು ಒಪ್ಪಲಿಲ್ಲ. “ಮಗು ಸೀನ್ ಇಲ್ದಿದ್ರೆ ಅವನು ಕಲ್ಲು ಮನುಷ್ಯ ಅಂತ ಬಿಟ್ಟುಬಿಡ್ತಿದ್ರಿ. ಕಲ್ಲಲ್ಲ ಅಂತ ತೋರ್ಸೋಕೆ ಅದು ಬೇಕಾಗಿತ್ತು” ಅಂದರು. ಇಲ್ಲೇ ಗಂಟಲು ಕಟ್ಟಿದ್ದು.

ಎಲ್ಲರೂ ಸುಸ್ತಾದ ಮೇಲೆ ನಿಜವಾಗಿ ನಡೆದದ್ದನ್ನು ಹೇಳಿದೆ. ಇಂಥದ್ದು ಅಮೆರಿಕದ ಇನ್ನೊಂದು ರಾಜ್ಯ ವೆಸ್ಟ್ ವರ್ಜೀನಿಯಾದಲ್ಲಿ ಆಗಿದೆ ಅಂತ ಗ್ರಿಷಮ್ ಅವರೇ ಹೇಳಿದ್ದರು. ಕೇಪರ್ಟನ್ ಅನ್ನುವ ಸಣ್ಣ ಗಣಿ ಮಾಲೀಕ, ಎದುರಿಗೆ ಮ್ಯಾಸಿ ಅನ್ನುವ ದೊಡ್ಡ ಕಲ್ಲಿದ್ದಲು ಕಂಪನಿ. 2002ರಲ್ಲಿ ಜ್ಯೂರಿ ಕೇಪರ್ಟನ್ ಕಡೆಗೆ 5 ಕೋಟಿ ಡಾಲರ್ ಕೊಡಿಸಿತು. 2004ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟಿನ ಚುನಾವಣೆಗೆ ಕಂಪನಿಯ ಮುಖ್ಯಸ್ಥ ಸುಮಾರು 30 ಲಕ್ಷ ಡಾಲರ್ ಸುರಿದ. ಅವನು ಬೆಂಬಲಿಸಿದ ವಕೀಲ ಗೆದ್ದು ಜಡ್ಜ್ ಆದ. 2007ರಲ್ಲಿ ಆ ಕೋರ್ಟಿನಲ್ಲಿ 3-2 ಮತದಿಂದ ಜ್ಯೂರಿಯ ತೀರ್ಪು ರದ್ದಾಯಿತು, ಆ ಮೂವರಲ್ಲಿ ಈ ಹೊಸ ಜಡ್ಜೂ ಒಬ್ಬ. ಕೇಪರ್ಟನ್ ದೇಶದ ಸುಪ್ರೀಂ ಕೋರ್ಟಿಗೆ ಹೋದ. 2009ರ ಜೂನ್‌ನಲ್ಲಿ 5-4ರಿಂದ, ಆ ಜಡ್ಜ್ ಈ ಕೇಸಿನಿಂದ ಹಿಂದೆ ಸರಿಯಬೇಕಿತ್ತು ಅಂತ ತೀರ್ಪಾಯಿತು.

ಅತ್ತಿಗೆ ಚಪ್ಪಾಳೆ ಹೊಡೆದರು. “ನೋಡ್ರಿ! ನಿಜದಾಗೆ ಗೆದ್ದ!”

ತಡೀರಿ ಅಂದೆ. ಕೇಸು ವಾಪಸ್ಸು ಅದೇ ರಾಜ್ಯಕ್ಕೆ ಬಂತು. ಆ ಜಡ್ಜನ್ನು ಬಿಟ್ಟು ಮತ್ತೆ ಕೇಳಿದರು. ಅದೇ ವರ್ಷ ನವೆಂಬರ್‌ನಲ್ಲಿ 4-1ರಿಂದ ಕೇಪರ್ಟನ್ ಮತ್ತೆ ಸೋತ. ಕರಾರುಪತ್ರದ ಪ್ರಕಾರ ದಾವೆಯನ್ನು ಬೇರೆ ರಾಜ್ಯದಲ್ಲಿ ಹೂಡಬೇಕಿತ್ತು ಅಂತ ಕಾರಣ.

ಚಪ್ಪಾಳೆ ಹೊಡೆದ ಕೈಯಲ್ಲೇ ಹಣೆ ಚಚ್ಚಿಕೊಂಡರು. ವಕೀಲರು ಮಾತ್ರ ಮೆಲ್ಲಗೆ, “ಇದೂ ಸೋಲೇ. ಆದ್ರೆ ಬೇರೆ ಸೋಲು” ಅಂದರು. ಯಾರೂ ಎದುರಾಡಲಿಲ್ಲ.

ಅಪ್ಪಾಜಿ ಅಷ್ಟೂ ಹೊತ್ತು ಮೂಲೆಯ ಕುರ್ಚಿಯಲ್ಲಿ ಕೂತು ಮಂಡಕ್ಕಿಯಿಂದ ಈರುಳ್ಳಿ ಹೆಕ್ಕಿ ಹಾಕುತ್ತಿದ್ದರು. ಇಂಗ್ಲಿಷ್ ಬಾರದು, ಆದರೆ ಈ ಸಭೆ ತಪ್ಪಿಸುವುದಿಲ್ಲ. ಎಲ್ಲರೂ ಎದ್ದು ಹೋದ ಮೇಲೆ, ತಟ್ಟೆ ಎತ್ತುತ್ತಿದ್ದ ನನ್ನನ್ನು ನಿಲ್ಲಿಸಿ ಕೇಳಿದರು: “ಅಲ್ಲವ್ವ, ಆ ಜಡ್ಜು ಕಾರಣ ಏನ್ ಬರ್ದಿದ್ದ?”

ಯಾವ ಜಡ್ಜು ಅಂದೆ.

“ಅದೇ, ಮಗನ ತಲೆಗೆ ಪೆಟ್ಟಾಗಿತ್ತಲ್ಲ. ಆ ಹೆಣ್ಮಗಳು ಸೋತ್ಲಲ್ಲ. ಯಾಕ್ ಸೋತ್ಲು ಅಂತ ಬರ್ದಿರ್ತಾರಲ್ಲ.”

ಉತ್ತರ ಬಾಯಿಗೆ ಬರಲಿಲ್ಲ. ಆ ಪುಟಗಳನ್ನು ನಾನು ಕಣ್ಣಾಡಿಸಿ ಹಾರಿಸಿದ್ದೆ. ಯಾರು ಗೆದ್ದರು ಅನ್ನೋದಷ್ಟೇ ಬೇಕಿತ್ತು.

ಅಪ್ಪಾಜಿಯದೂ ಒಂದು ಅಪೀಲು. ನಾಲೆ ನೀರು ಬರುವ ಹೊಲ, ಪಕ್ಕದವರು ಒತ್ತಿದ ಬದು. ಕೆಳಗಿನ ಕೋರ್ಟಿನಲ್ಲಿ ಡಿಕ್ರಿ ನಮ್ಮ ಕಡೆ ಆಯಿತು, ಪೇಡಾ ಹಂಚಿದೆವು. ಎದುರಿನವರು ಅಪೀಲು ಹೋದರು. ಆರು ವರ್ಷ ವಾಯಿದೆ ಮೇಲೆ ವಾಯಿದೆ. ತೀರ್ಪಿನ ನಕಲು ಮನೆಗೆ ಬಂದಾಗ ನಾನು ಎಸ್ಸೆಸ್ಸೆಲ್ಸಿ. ಮನೆಯಲ್ಲಿ ಇಂಗ್ಲಿಷ್ ಬಲ್ಲವಳು ನಾನೊಬ್ಬಳೇ. ನೇರ ಕೊನೆಯ ಹಾಳೆಗೆ ಹೋಗಿ ‘ಅಪೀಲ್ ಈಸ್ ಅಲೋಡ್’ ಅಂತ ಓದಿ, “ಅಲೋ ಆಗೈತಂತೆ ಅಪ್ಪಾಜಿ!” ಅಂತ ಕುಣಿದೆ. ಅವ್ವ ದೇವರ ಮುಂದೆ ದೀಪ ಹಚ್ಚಿದಳು. ಸಂಜೆ ವಕೀಲರ ಗುಮಾಸ್ತ ಬಂದು, ಒಪ್ಪಿದ್ದು ಎದುರಿನವರ ಅಪೀಲನ್ನು ಅಂತ ಹೇಳಿದ. ದೀಪ ಇನ್ನೂ ಉರೀತಿತ್ತು.

ಅಲ್ಲಿಂದ ಮುಂದೆ ಬೆಂಗಳೂರಿನ ಹೈಕೋರ್ಟ್. (ಈಗಲೂ ನಮಗೆ ಬೆಂಗಳೂರೇ, ಹೊಳೆಯಾಚೆ ಹಾವೇರಿ ಜಿಲ್ಲೆಯವರಿಗೆ ಧಾರವಾಡ.) ಎರಡನೇ ಅಪೀಲಿಗೆ ಕಾನೂನಿನ ಗಟ್ಟಿ ಪ್ರಶ್ನೆಯೊಂದು ಬೇಕು, ಬರೀ ‘ನಾನು ಹೇಳಿದ್ದು ಸತ್ಯ’ ಅಂದರೆ ಸಾಲದು. ಖರ್ಚು ಮಾಡಬೇಡಿ ಅಂದರಂತೆ. ಬಿಟ್ಟರು.

ಇವತ್ತು ಅಪ್ಪಾಜಿ ಆ ರೆಕ್ಸಿನ್ ಚೀಲ ತೆಗೆಸಿದರು. ನಕಲಿನ ಹಾಳೆಗಳು ಮಡಿಕೆಯಲ್ಲಿ ಹರಿದಿವೆ. ಈ ಮೂವತ್ತು ವರ್ಷದಲ್ಲಿ ಯಾರ್ಯಾರ ಕೈಯಲ್ಲೋ ಓದಿಸಿ ಅರ್ಥ ಕೇಳಿದ್ದಾರೆ, ನನಗೆ ಗೊತ್ತೇ ಇರಲಿಲ್ಲ. ಬದುವಿನ ಮೇಲೆ ನಡೆದು ತೋರಿಸಿ ಸಾಕ್ಷಿ ಹೇಳಿದ್ದ ಮುದುಕಪ್ಪನ ಮಾತು ಇದರಲ್ಲಿ ಎಲ್ಲಾದರೂ ಇದೆಯಾ ಅಂತ ಹುಡುಕಿಸಿದ್ದಂತೆ. ನಾನೂ ಈಗ ಕೂತು ಹತ್ತೂ ಹಾಳೆ ಓದಿದೆ. ಇಲ್ಲ. ಒಂದು ಸಾಲೂ ಇಲ್ಲ.

“ಸೋಲಾದು ಇರ್ತೈತಿ. ಆ ಮುದುಕಪ್ಪ ಹೇಳಿದ್ದು ಸುಳ್ಳು ಅಂತನಾದ್ರೂ ಬರೀಬೇಕಿತ್ತು” ಅಂದರು.

ಆಮೇಲೆ ಗ್ರಿಷಮ್ ಪುಸ್ತಕ ಕೈಗೆತ್ತಿಕೊಂಡು, ನೌಕೆಯ ಪಾರ್ಟಿ ಬೇಡ, ತೀರ್ಪಿನ ಭಾಗ ಎಲ್ಲಿದೆ ತೆಗಿ, ಕನ್ನಡದಲ್ಲಿ ಹೇಳು ಅಂದಿದ್ದಾರೆ. ಶಾಲು ಹೊದ್ದು, ಕನ್ನಡಕ ಒರೆಸಿಕೊಂಡು ಎದುರಿಗೆ ಕೂತಿದ್ದಾರೆ. ಇದನ್ನು ಇಲ್ಲಿಗೆ ನಿಲ್ಲಿಸಿ ಹಾರಿಸಿದ ಪುಟ ಹುಡುಕಬೇಕು.